ಖಾಲಿ ಹೊಟ್ಟೆಯ ಎಕ್ಸ್‌ರೇ

ಮೂತ್ರಪಿಂಡದ ಎಕ್ಸ್‌ರೇ ತೆಗೆಸುವವರು ಹಿಂದಿನ ರಾತ್ರಿಯಿಂದ ಏನನ್ನೂ ತಿನ್ನಬಾರದು, ಕುಡಿಯಬಾರದು. ನಿಯಮ ಇಷ್ಟೇ. ಅರವತ್ತರ ದಶಕದಲ್ಲಿ ನಾನು ಶಿರಸಿಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಡಾಕ್ಟರನಾಗಿದ್ದಾಗ ಇದನ್ನು ಪಾಲಿಸಿದವರು ಸಿಕ್ಕಿದ್ದೇ ಅಪರೂಪ. ಸಿದ್ದಾಪುರದ ಕಡೆಯ ಮಾಸ್ತರರೊಬ್ಬರ ವಿಷಯದಲ್ಲಂತೂ ಎಲ್ಲರೂ ಸೇರಿ ಮುರಿದರು.

ಏಕಾದಶಿ

ಮಾಸ್ತರರಿಗೆ ಬಲಪಕ್ಕೆಯಲ್ಲಿ ನೋವು. ಕಲ್ಲಿರಬೇಕೆಂದು ನಮ್ಮ ಸರ್ಜನ್‌ರ ಅನುಮಾನ. ಚಿತ್ರ ಸ್ಪಷ್ಟವಾಗದಿದ್ದರೆ ಕೊಯ್ದೇ ನೋಡುವ ಉತ್ಸಾಹ ಅವರಿಗೆ.

"ಉಪವಾಸ ಬನ್ನಿ" ಎಂದೆ. ಬಂದರು. ಸೂಜಿಯಲ್ಲಿ ಔಷಧಿ ಕೊಟ್ಟು ಚಿತ್ರ ತೆಗೆದರೆ ಹೊಟ್ಟೆಯ ತುಂಬ ಮೋಡ, ಮೂತ್ರಪಿಂಡವೇ ಕಾಣದು.

"ಏನು ತಿಂದಿರಿ?"

"ಅವಲಕ್ಕಿ, ಬಾಳೆಹಣ್ಣು, ಹಾಲು. ಅನ್ನ ಮುಟ್ಟಿದ್ನಿಲ್ಲೆ ಡಾಕ್ಟ್ರೇ! ಏಕಾದಶಿಗೆ ಆನು ಇದಕ್ಕಿಂತ ಜಾಸ್ತಿ ತಿಂತಿ."

ಅಕ್ಕನ ಮನೆ

ಎರಡನೆಯ ಸಲ ಶಿರಸಿಯ ಅಕ್ಕನ ಮನೆಯಲ್ಲಿ ಉಳಿದು ಬಂದರು. ಮತ್ತೆ ಮೋಡ. ಜೊತೆಗೆ ಬಂದಿದ್ದ ಅಕ್ಕನನ್ನೇ ಕೇಳಿದೆ, "ನೀರೂ ಬೇಡ ಅಂದಿದ್ದೆನಲ್ಲ?"

"ಆನು ನೀರೆಲ್ಲಿ ಕೊಟ್ಟಿದ್ದಿ? ಕಷಾಯ ಕೊಟ್ಟಿದ್ದಿ."

"ಬರೀ ಕಷಾಯವೇ?"

"ಬಂದ ತಮ್ಮಂಗೆ ಬರೀ ಕಷಾಯ ಕೊಡ್ಲಾಗ್ತಾ? ದೋಸೆ ಎರೆದಿದ್ದಿ."

ಗಂಜಿ

ಮೂರನೆಯ ಸಲ ವಾರ್ಡಿನಲ್ಲೇ ಮಲಗಿಸಿದೆ. ಆದರೂ ಮೋಡ! ಬನವಾಸಿ ಕಡೆಯ ವಾರ್ಡಿನ ಆಳು ಕೈಕಟ್ಟಿ ನಿಂತ.

"ಹಸಿದವ್ರ ಮುಖ ನೋಡಾಕ ಆಗ್ಲಿಲ್ರಿ ಸಾಹೇಬ್ರ. ಗಂಜಿ ಕೊಟ್ಟೆ."

"ನಿಯಮ ಗೊತ್ತಿರಲಿಲ್ಲವೇ?"

"ಗೊತ್ತಿತ್ರಿ. ಅದಕ್ಕ ಉಪ್ಪಿನಕಾಯಿ ಕೊಡ್ಲಿಲ್ಲ."

ಸರ್ಜನ್‌ರ ತಾಳ್ಮೆ ಮುಗಿಯಿತು. "ಸೋಮವಾರ ಕೊಯ್ಯೋಣ" ಎಂದರು. ನಾನು ಇನ್ನೊಂದೇ ಅವಕಾಶ ಕೇಳಿಕೊಂಡೆ.

ಚಹಾ

ಈ ಸಲ ಮಾಸ್ತರರ ಹೆಂಡತಿ ಬಂದು ರಾತ್ರಿಯಿಡೀ ಮಂಚದ ಪಕ್ಕ ಕಾವಲು ಕೂತರು. ಚಿತ್ರ ಕನ್ನಡಿಯಂತೆ ಬಂತು. ಕಲ್ಲು ಇರಲೇ ಇಲ್ಲ. ಮೂತ್ರನಾಳವು ಕೊಕ್ಕೆಯಂತೆ ಬಾಗಿ, ಹೊಟ್ಟೆಯ ದೊಡ್ಡ ಸಿರೆಯ ಹಿಂದೆ ನುಸುಳಿದಂತಿತ್ತು. ಗರ್ಭದಲ್ಲೇ ಆ ಸಿರೆ ತಪ್ಪು ದಾರಿ ಹಿಡಿದರೆ ಹೀಗಾಗುತ್ತದೆಂದು ಓದಿದ್ದೆ, ಕಂಡಿರಲಿಲ್ಲ. ತಿಳಿಯದೆ ಕೊಯ್ದಿದ್ದರೆ ಕತ್ತರಿ ಸಿರೆಗೇ ತಗಲುತ್ತಿತ್ತೇನೋ. ಖಚಿತಪಡಿಸಿಕೊಳ್ಳಲು ಮಗ್ಗುಲಿನಿಂದ ಇನ್ನೊಂದು ಚಿತ್ರ ಬೇಕೆಂದೆ.

ಅಷ್ಟರಲ್ಲಿ ಸರ್ಜನ್‌ರೇ ಹಿಗ್ಗಿ, "ಮಾಸ್ತರೇ, ಪಾರಾದಿರಿ! ತಗೊಳ್ಳಿ ಚಹಾ" ಎಂದು ತಮ್ಮ ಲೋಟವನ್ನೇ ಚಾಚಿದರು. ಮಾಸ್ತರರ ಕೈ ಮುಂದೆ ಬಂತು. ಹೆಂಡತಿ ಅಡ್ಡ ನಿಂತರು.

"ಇನ್ನೊಂದು ಚಿತ್ರ ಬಾಕಿ ಇದ್ದು."

"ನಾನೇ ಹೇಳ್ತಿದ್ದೇನಲ್ಲಮ್ಮ, ನಾನು ಸರ್ಜನ್!"

"ಹಾಂಗಾದ್ರೆ ಕೊಡಿ" ಎಂದು ಲೋಟ ಇಸಿದುಕೊಂಡ ಆಕೆ, ಗಂಡನ ಕಣ್ಣೆದುರೇ ಕೊನೆಯ ಹನಿಯವರೆಗೂ ತಾವೇ ಕುಡಿದು, ಖಾಲಿ ಲೋಟವನ್ನು ಸರ್ಜನ್‌ರ ಕೈಗಿಟ್ಟರು.