ಹನ್ನೆರಡು ಪುಸ್ತಕ ಮತ್ತು ಒಂದು ಐರಿಶ್ ಆಡು

ಕೆಲವರು ನಡೆಯುವಾಗ ಎಡವುತ್ತಾರೆ, ನಾನು ಮಾತಾಡುವಾಗ ಎಡವುತ್ತೇನೆ. ದೋಹಾಕ್ಕೆ ಬಂದು ಹದಿನಾರು ವರ್ಷವಾದರೂ ಈ ಚಾಳಿ ಬಿಟ್ಟಿಲ್ಲ. ಬಾಯಿ ಬಿಟ್ಟು ಸಿಕ್ಕಿಬಿದ್ದ ಪ್ರಸಂಗಗಳನ್ನೆಲ್ಲ ಬರೆದರೆ ಒಂದು ಪುಸ್ತಕವೇ ಆದೀತು. ಆದರೆ ಪುಸ್ತಕ ಓದುವ ಕಷ್ಟ ಎಂಥದ್ದೆಂದು ಈಗ ನನಗೆ ಗೊತ್ತಿರುವುದರಿಂದ ಯಾರ ತಲೆಯ ಮೇಲೂ ಆ ಭಾರ ಹೊರಿಸುವುದಿಲ್ಲ. ಕಳೆದ ಒಂದು ವರ್ಷದ್ದನ್ನಷ್ಟೇ ಹೇಳುತ್ತೇನೆ.

೧. ಬಾಯಿ ಬಿಟ್ಟದ್ದು

ಗಲ್ಫಿನಲ್ಲಿ ಎಲ್ಲ ಹಬ್ಬಗಳೂ ಶುಕ್ರವಾರವೇ ಬರುತ್ತವೆ. ಪಂಚಾಂಗ ಏನೇ ಹೇಳಲಿ, ರಜೆ ಇರುವುದು ಅವತ್ತು. ಹಾಗಾಗಿ ವಿಜಯದಶಮಿಯ ಊಟವನ್ನೂ ಒಂದು ಶುಕ್ರವಾರ ಅಲ್ ಮನ್ಸೂರಾದ ನಮ್ಮ ಎರಡು ಕೋಣೆಯ ಫ್ಲಾಟಿನಲ್ಲಿ ಇಟ್ಟುಕೊಂಡಿದ್ದೆವು. ಊರಿನವರು ಏಳೆಂಟು ಮಂದಿ ಬಂದಿದ್ದರು. ಎದುರು ಫ್ಲಾಟಿನ ಮಾವ ಇದ್ದರು. ಸಂಬಂಧದಲ್ಲಿ ಮಾವ ಏನಲ್ಲ, ಉಡುಪಿ ಕಡೆಯ ಹಿರಿಯರು. ಬೇಕರಿಯೊಂದರಲ್ಲಿ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನಕ್ಕೆಲ್ಲ ಮನೆ ಸೇರುವವರು. ಇವರ ಜೊತೆ ನನ್ನ ಆಫೀಸಿನ ಐರಿಶ್ ಮೇಡಂ ಕೂಡ ಬಂದು, ಬಾಳೆಲೆಯ ಮುಂದೆ ಕಾಲು ಮಡಚಲಾಗದೆ ಓರೆಯಾಗಿ ಕುಳಿತು ಪಾಯಸ ಹೀರುತ್ತಿದ್ದರು.

ನನ್ನ ಹನ್ನೊಂದು ವರ್ಷದ ಮಗಳು ಕನ್ನಡ ಮಾತಾಡುತ್ತಾಳೆ, ಆದರೆ ಒಂದಕ್ಷರ ಓದುತ್ತಿರಲಿಲ್ಲ. ಇದು ನನಗೆ ನಿಜವಾದ ಸಂಕಟವಾಗಿತ್ತು. ನಮ್ಮ ಮನೆಯ ಕನ್ನಡ ನನ್ನ ಕಾಲಕ್ಕೇ ನಿಂತುಹೋಗುತ್ತದಲ್ಲ ಎಂದು ಒಬ್ಬನೇ ಇದ್ದಾಗ ಹೆದರಿಕೆಯಾಗುತ್ತಿತ್ತು. ಒಬ್ಬನೇ ಇದ್ದಾಗ ಹೆದರಿ ಸುಮ್ಮನಿರಬಹುದಿತ್ತು. ಅಷ್ಟು ಜನರ ಎದುರು, "ಇವತ್ತು ಒಳ್ಳೆಯ ದಿನ, ಇವತ್ತಿಂದ ನೀನು ಕನ್ನಡ ಓದ್ಲಿಕ್ಕೆ ಕಲಿ" ಎಂದುಬಿಟ್ಟೆ.

"ಪಪ್ಪಾ, ನೀವು ಲಾಸ್ಟ್ ಬುಕ್ ಓದಿದ್ದು ಯಾವಾಗ?" ಎಂದಳು.

ಎಲ್ಲರೂ ಊಟ ನಿಲ್ಲಿಸಿ ನನ್ನ ಉತ್ತರಕ್ಕೆ ಕಾದರು. ನನಗೂ ಗೊತ್ತಿರಲಿಲ್ಲ. ಮರ್ಯಾದೆ ಉಳಿಸಿಕೊಳ್ಳಲು, "ಒಂದು ವರ್ಷದಲ್ಲಿ ಹನ್ನೆರಡು ಪುಸ್ತಕ ಓದಿ ತೋರಿಸ್ತೇನೆ. ಆಮೇಲೆ ನೀನು ಒಂದು ಕನ್ನಡ ಪುಸ್ತಕ ಓದ್ಬೇಕು" ಎಂದೆ.

"ಓಕೆ. ಬಟ್ ಒಂದು ಬುಕ್ ನಿಮಗೆ ಗೊತ್ತೇ ಇಲ್ಲದ ಭಾಷೇಲಿ ಇರ್ಬೇಕು. ನನಗೆ ಕನ್ನಡ ಹೇಗೋ ಹಾಗೆ. ಮುಂದಿನ ವರ್ಷ ಇದೇ ಊಟಕ್ಕೆ ಎಲೆ ಹಾಕುವ ಮೊದಲು ಮುಗಿಸ್ಬೇಕು. ಇಲ್ಲಾಂದ್ರೆ ಇನ್ನು ಕನ್ನಡದ ಮಾತೇ ಎತ್ಬಾರ್ದು, ಖಲಾಸ್."

ಮಲಯಾಳಂ ಎಂದೆ, ಮಾತಾಡಲು ಬರುತ್ತದೆಂದು ತಳ್ಳಿಹಾಕಿದಳು. ಅರಬ್ಬಿ ಎಂದೆ, ಅದೂ ಬೇಡವೆಂದು ತಲೆಯಾಡಿಸಿದಳು. ಕೊನೆಗೆ ಅವಳ ಬೆರಳು ಪಾಯಸ ಹೀರುತ್ತಿದ್ದ ಮೇಡಂ ಕಡೆ ತಿರುಗಿತು. "ಆಂಟಿಯ ಭಾಷೆ!"

ನಾನು ಒಳಗೊಳಗೇ ಕುಣಿದೆ. ಮೇಡಂ ಜೊತೆ ಆರು ವರ್ಷದಿಂದ ದಿನವೂ ಮಾತಾಡುತ್ತಿದ್ದೇನೆ, ಐರಿಶ್ ಎಂದರೆ ಇಂಗ್ಲಿಷೇ ತಾನೆ! ಕೂಡಲೇ ಒಪ್ಪಿ ಕೈ ಕುಲುಕಿದೆ. ಅದು ಬೇರೆಯೇ ಭಾಷೆ ಎಂದು ಗೊತ್ತಾದದ್ದು ಭಾನುವಾರ, ಆಫೀಸಿನಲ್ಲಿ.

೨. ಅಕ್ಷರದ ಬೀಗ

ಓದಿದ್ದನ್ನು ಬರೆದಿಡಲು ಒಂದು ನೀಲಿ ರಟ್ಟಿನ ನೋಟ್‌ಬುಕ್ ತಂದೆ. ಕನ್ನಡದಲ್ಲಿ ಬರೆದೆ. ಮಕ್ಕಳಿಗೆ ಕನ್ನಡ ಓದಲು ಬಾರದ ಗಲ್ಫಿನ ಮನೆಗಳಲ್ಲಿ ಒಂದು ಗುಟ್ಟಿನ ಸೌಕರ್ಯವುಂಟು: ಮಕ್ಕಳಿಂದ ಮುಚ್ಚಿಡಬೇಕಾದದ್ದನ್ನೆಲ್ಲ ಕನ್ನಡದಲ್ಲಿ ಬರೆದರಾಯಿತು, ಬೀಗ ಬೇಡ. ನಮ್ಮ ಫ್ರಿಜ್ಜಿನ ಮೇಲೆ ಮಗಳ ಟ್ಯಾಬಿನ ಪಾಸ್‌ವರ್ಡ್ ಕನ್ನಡದಲ್ಲಿ ರಾಜಾರೋಷವಾಗಿ ಅಂಟಿಸಿತ್ತು. ಅಡುಗೆಮನೆಯ ಮೇಲಿನ ಕಪಾಟಿನ ಡಬ್ಬಿಯ ಮೇಲೆ "ಚಾಕಲೇಟು. ಮಗಳಿಗೆ ಹೇಳಬೇಡಿ" ಎಂದು ಹೆಂಡತಿ ದಪ್ಪಕ್ಷರದಲ್ಲಿ ಬರೆದಿದ್ದಳು.

ನೋಟ್‌ಬುಕ್ಕಿಗೆ ನಾನು ಸುಳ್ಳು ಹೇಳಲಿಲ್ಲ, ಮಗಳಿಗೆ ಮಾತ್ರ ಹೇಳುತ್ತಿದ್ದೆ. ಮೊದಲ ಪುಸ್ತಕವನ್ನು ಮೆಟ್ರೋದಲ್ಲಿ ಶುರುಮಾಡಿದೆ. ಮೂರನೇ ಪುಟಕ್ಕೆ ನಿದ್ದೆ ಹತ್ತಿ, ಇಳಿಯಬೇಕಾದ ನಿಲ್ದಾಣ ದಾಟಿ, ರೈಲು ಕೊನೆಯ ನಿಲ್ದಾಣ ಮುಟ್ಟಿ ತಿರುಗಿ ಬರುವಾಗ ಎಚ್ಚರವಾಯಿತು. ಆಫೀಸಿಗೆ ತಡವಾಗಿ ಹೋದೆ. ಮ್ಯಾನೇಜರ್ ಕಾರಣ ಕೇಳಿದರು. "ಪುಸ್ತಕ ಓದುತ್ತಿದ್ದೆ ಸರ್" ಎಂದೆ. ಇಷ್ಟು ವರ್ಷದಲ್ಲಿ ನಾನು ಕೊಟ್ಟ ನೆಪಗಳಲ್ಲೆಲ್ಲ ಅವರು ನಂಬದೇ ಹೋದದ್ದು ಅದೊಂದನ್ನೇ.

೩. ಹಪ್ಪಳದ ಬದಲು

ರಜೆಗೆ ಊರಿಗೆ ಹೋಗಿ ಬರುವವನ ಬ್ಯಾಗಿನಲ್ಲಿ ಅವನ ಸಾಮಾನೊಂದು ಬಿಟ್ಟು ಊರವರದ್ದೆಲ್ಲ ಇರುತ್ತದೆ. ನಾನು ಹೋದಾಗ ಮಾವನ ಮನೆಯವರು ಹಲಸಿನ ಹಪ್ಪಳವನ್ನು ಪೇಪರಿನಲ್ಲಿ ಸುತ್ತಿ, ಹಗ್ಗ ಬಿಗಿದು ಕೊಟ್ಟರು. ನಾನು ಕೊಂಡ ದಪ್ಪ ಪತ್ತೇದಾರಿ ಕಾದಂಬರಿಯನ್ನು ಅಂಗಡಿಯವನೂ ಪೇಪರಿನಲ್ಲಿ ಸುತ್ತಿ, ಹಗ್ಗ ಬಿಗಿದೇ ಕೊಟ್ಟಿದ್ದ. ದೋಹಾ ತಲುಪಿದ ದಿನ ಒಂದು ಪೊಟ್ಟಣವನ್ನು ಮಾವನಿಗೆ ತಲುಪಿಸಿ ಡ್ಯೂಟಿಗೆ ಓಡಿದೆ. ಸಂಜೆ ಬಂದು ನನ್ನ ಪೊಟ್ಟಣ ಬಿಚ್ಚಿದರೆ ಹಪ್ಪಳ!

ತಪ್ಪು ಗೊತ್ತಾಯಿತು, ಆದರೆ ಹೆಂಡತಿ ಆಗಲೇ ಎಣ್ಣೆ ಕಾಯಲಿಟ್ಟಿದ್ದಳು.

ನಾಲ್ಕನೇ ದಿನ ಮಾವ ಬಾಗಿಲು ಬಡಿದರು. ಹಪ್ಪಳಕ್ಕೇ ಬಂದರು ಎಂದು ಕ್ಷಮೆ ಕೇಳಲು ಹೊರಟೆ. ಅವರ ಕಣ್ಣು ಕೆಂಪಾಗಿತ್ತು.

"ಎಂತ ಪುಸ್ತಕ ಮಾರಾಯ! ಶಾಲೆ ಬಿಟ್ಟ ಮೇಲೆ ನಾನು ಪುಸ್ತಕ ಮುಟ್ಟಿದ್ದೇ ಇಲ್ಲ. ನಾಲ್ಕು ದಿನ ಸರಿ ಊಟ ಇಲ್ಲ. ಆ ಡಾಕ್ಟರೇ ಕೊಲೆ ಮಾಡಿದ್ದು ಅಂತ ನನಗೆ ಕೊನೇ ಪುಟದವರೆಗೂ ಗೊತ್ತಾಗ್ಲಿಲ್ಲ ನೋಡು!"

ನಾನಿನ್ನು ಅದನ್ನು ಓದಿ ಏನು ಪ್ರಯೋಜನ? ನೋಟ್‌ಬುಕ್ಕಿನಲ್ಲಿ "ನಾಲ್ಕನೆಯದು: ಮಾವ ಹೇಳಿದರು, ಓದಿದ ಹಾಗೆಯೇ" ಎಂದು ಬರೆದುಕೊಂಡೆ. ಹಪ್ಪಳದ ಮಾತನ್ನು ಮಾವ ಎತ್ತಲೇ ಇಲ್ಲ. ಹೊರಡುವಾಗ ಮಾತ್ರ ಬಾಗಿಲಲ್ಲಿ ನಿಂತು, "ಇನ್ನೊಮ್ಮೆ ಊರಿಗೆ ಹೋದ್ರೆ ಹಪ್ಪಳ ತರ್ಬೇಡ, ತಪ್ಪಿ ತಂದದ್ದೇ ತಾ" ಎಂದರು.

೪. ಆಡು ತಿಂದ ಪ್ಯಾಂಟು

ಮೇಡಂ ತರಿಸಿಕೊಟ್ಟದ್ದು ನಲವತ್ತು ಪುಟದ ಮಕ್ಕಳ ಪುಸ್ತಕ. ಮದುವೆಗೆ ಹೊರಟವನ ಹೊಸ ಪ್ಯಾಂಟನ್ನು ಅವನ ಆಡು ತಿಂದುಹಾಕುವ ಕಥೆ. ಚಿತ್ರ ನೋಡಿ ಇಷ್ಟು ತಿಳಿಯಿತು. ಅಕ್ಷರಗಳೆಲ್ಲ ಇಂಗ್ಲಿಷಿನವೇ, ಪರಿಚಯದ ಮುಖಗಳು, ಆದರೆ ಒಂದೂ ನನ್ನ ಗುರುತು ಹಿಡಿಯುತ್ತಿರಲಿಲ್ಲ. ಊಟದ ವಿರಾಮದಲ್ಲಿ ದಿನಕ್ಕೆ ನಾಲ್ಕು ಸಾಲು ಪಾಠ. ಮೊಸರನ್ನ ಕಲಸುತ್ತಾ ನಾನು ಓದುವುದು, ಸ್ಯಾಂಡ್‌ವಿಚ್ ಬದಿಗಿಟ್ಟು ಅವರು ತಿದ್ದುವುದು. ಒಂದು ಪುಟಕ್ಕೆ ಒಂದು ವಾರ ಹಿಡಿದ ದಿನಗಳುಂಟು. ಅಂಥ ಒಂದು ದಿನ ಬೇಸರ ತಡೆಯಲಾರದೆ ನೋಟ್‌ಬುಕ್ಕಿನಲ್ಲಿ ಏನೋ ಒಂದು ಸಾಲು ಗೀಚಿ ಮರೆತುಬಿಟ್ಟೆ.

ಒಂದು ಮಧ್ಯಾಹ್ನ ಮೇಡಂ ಹೇಳಿದರು: "ಚಿಕ್ಕವಳಿದ್ದಾಗ ನಮ್ಮಮ್ಮ ಇದನ್ನೇ ಓದು ಅಂತ ಬೆನ್ನು ಹತ್ತುತ್ತಿದ್ದಳು. ನಾನು ಹಿತ್ತಲಿಗೆ ಓಡಿಹೋಗುತ್ತಿದ್ದೆ. ಈಗ ನೋಡು, ನಿನಗೆ ಪಾಠ ಹೇಳಲು ದಿನಾ ಬೆಳಿಗ್ಗೆ ನಾನೂ ಕೂತು ಓದಿಕೊಂಡು ಬರಬೇಕು." ಕೇಳಿ ನನಗೆ ಬಹಳ ಧೈರ್ಯ ಬಂತು. ಓಡಿಹೋದವರು ತಿರುಗಿ ಬರುವುದೂ ಉಂಟಲ್ಲ ಎಂದುಕೊಂಡೆ.

ಅವರು ಕೂಡಲೇ ಊರಿಗೆ ಫೋನು ಹಚ್ಚಿ, ತಾಯಿಗೆ ಕೇಳುವಂತೆ ನನ್ನಿಂದ ಒಂದು ಪುಟ ಓದಿಸಿದರು. ಆ ಕಡೆ ಮುದುಕಿ ನಕ್ಕೂ ನಕ್ಕೂ ಕೆಮ್ಮಿ, ಏನೋ ಹೇಳಿ ಫೋನಿಟ್ಟರು. ಮೇಡಂ ಮುಖ ಸಪ್ಪಗಾಯಿತು.

"ಏನಂದರು?" ಎಂದೆ.

"ನನಗಿಂತ ನೀನೇ ಚೆನ್ನಾಗಿ ಓದುತ್ತೀಯಂತೆ. ನಾಳೆಯಿಂದ ನಿನ್ನ ಹತ್ತಿರ ಪಾಠಕ್ಕೆ ಕೂರು ಅಂತ ನನಗೆ ಹೇಳಿದಳು."

ಇದೇ ದಿನಗಳಲ್ಲಿ ಮನೆಯಲ್ಲಿ ಚಾಕಲೇಟಿನ ಡಬ್ಬಿ ಖಾಲಿಯಾಗತೊಡಗಿತು. ಅದರ ಮೇಲೆ ಬರೆದದ್ದನ್ನು ಓದಬಲ್ಲವರು ಮನೆಯಲ್ಲಿ ಇಬ್ಬರೇ, ಹೆಂಡತಿ ಮತ್ತು ನಾನು. ಅವಳು ತಿಂದಿರಲಿಲ್ಲ. "ಈ ವಯಸ್ಸಲ್ಲಿ ಕದ್ದು ತಿನ್ನುವುದಾ? ನಾಚಿಕೆ ಆಗ್ಬೇಕು ನಿಮಗೆ" ಎಂದಳು. ದೇವರಾಣೆ ಹಾಕಿದೆ. ಮರುದಿನವೇ ನನಗೆ ಸಕ್ಕರೆಯಿಲ್ಲದ ಚಹಾ ಬಂತು.

೫. ಪುಸ್ತಕಗಳಿಗೆ ರಜೆ

ನವರಾತ್ರಿ ಬಂದಾಗ ಹನ್ನೊಂದು ಪುಸ್ತಕ ಹೇಗೋ ಮುಗಿದಿದ್ದವು, ಹೇಗೆಂಬುದು ಬೇರೆ ವಿಷಯ. ಐರಿಶ್ ಪುಸ್ತಕದಲ್ಲಿ ಆರು ಪುಟ ಬಾಕಿ ಇತ್ತು. ಈಗೀಗ ಓದು ಸ್ವಲ್ಪ ಹರಿಯುತ್ತಿತ್ತು. ನಾಳೆ ಮೂರು, ನಾಡಿದ್ದು ಮೂರು ಎಂದು ಲೆಕ್ಕ ಹಾಕಿ ಆಫೀಸಿನಿಂದ ಬಂದರೆ ಪುಸ್ತಕ ಇಲ್ಲ.

ಶಾರದಾ ಪೂಜೆಗೆ ಮನೆಯ ಪುಸ್ತಕಗಳನ್ನೆಲ್ಲ ದೇವರ ಮುಂದೆ ಇಡುವುದು ನಮ್ಮ ಕಡೆಯ ಪದ್ಧತಿ. ಇಟ್ಟ ಮೇಲೆ ವಿಜಯದಶಮಿಯ ಪೂಜೆ ಆಗುವವರೆಗೆ ಮುಟ್ಟುವಂತಿಲ್ಲ, ಓದುವಂತಿಲ್ಲ. ಹೆಂಡತಿ ಅವತ್ತು ಕೈಗೆ ಸಿಕ್ಕಿದ್ದನ್ನೆಲ್ಲ ಒಟ್ಟಿದ್ದಳು. ಎಲ್ಲಕ್ಕೂ ಮೇಲೆ ಕುಂಕುಮ ಹಚ್ಚಿಕೊಂಡು ಐರಿಶ್ ಆಡು ನನ್ನನ್ನೇ ನೋಡುತ್ತಿತ್ತು.

"ಆರೇ ಪುಟ ಕಣೇ, ತೆಗೀತೇನೆ" ಎಂದೆ.

"ಶಾರದೆಗೆ ಇಟ್ಟದ್ದನ್ನಾ?" ಎಂದು ಹೆಂಡತಿ ಕಣ್ಣು ಬಿಟ್ಟಳು.

"ಬ್ಯಾಡ್ ಲಕ್ ಪಪ್ಪಾ" ಎಂದು ಮಗಳು ಕೈಮುಗಿದು ನಿಂತಳು. ಇಂಥ ಭಕ್ತಿಯನ್ನು ನಾನು ಅವಳಲ್ಲಿ ಹಿಂದೆ ಕಂಡಿರಲಿಲ್ಲ.

ಪಂಚಾಂಗದ ವಿಜಯದಶಮಿ ವಾರದ ನಡುವೆಯೇ ಬಂದು ಹೋಯಿತು. ಆದರೆ ನಮ್ಮ ಪೂಜೆ ಶುಕ್ರವಾರ, ಆದ್ದರಿಂದ ಪುಸ್ತಕಗಳ ಬಿಡುಗಡೆಯೂ ಶುಕ್ರವಾರ. ಗುರುವಾರ ಶಾಲೆಯಿಂದ ಫೋನ್ ಬಂತು. ಮಗಳು ನಾಲ್ಕು ದಿನದಿಂದ ಹೋಂವರ್ಕ್ ಮಾಡಿಲ್ಲ, ಕೇಳಿದರೆ "ನನ್ನ ಬ್ಯಾಗ್ ದೇವರ ಹತ್ತಿರ ಇದೆ" ಎನ್ನುತ್ತಾಳೆ, ಮನೆಯಲ್ಲಿ ಏನಾದರೂ ಕೆಟ್ಟದ್ದು ನಡೆಯಿತೇ ಎಂದು ಟೀಚರ್ ಬಹಳ ಮರುಗಿ ವಿಚಾರಿಸಿದರು.

೬. ಎಲೆ ಹಾಕುವ ಮೊದಲು

ಶುಕ್ರವಾರ ಕಳೆದ ವರ್ಷದ ಮಂದಿಯೇ ಸೇರಿದರು. ಮಂಗಳಾರತಿಯಾಯಿತು. ಪೂಜೆ ಮುಗಿದ ಮೇಲೆ ಇಟ್ಟ ಪುಸ್ತಕ ತೆಗೆದು ಸ್ವಲ್ಪವಾದರೂ ಓದಬೇಕೆಂಬುದೂ ಪದ್ಧತಿಯೇ. ಇದು ನನಗೆ ಆ ಹೊತ್ತಿನಲ್ಲಿ ನೆನಪಾದದ್ದು ಶಾರದೆಯ ಕೃಪೆ. "ಎಲೆ ಹಾಕ್ಬೇಡಿ!" ಎಂದು ಕೂಗಿ, ಆಡಿನ ಪುಸ್ತಕ ತೆಗೆದು, ದೇವರ ಎದುರು ನಿಂತು ಗಟ್ಟಿಯಾಗಿ ಓದಲು ಶುರುಮಾಡಿದೆ.

ಆರು ಪುಟ, ನನ್ನ ವೇಗದಲ್ಲಿ. ಪಂದ್ಯವನ್ನೇ ಮರೆತಿದ್ದ ಬಳಗ, ನನ್ನ ಬಾಯಿಂದ ಬರುವುದು ಯಾವುದೋ ಅಪರೂಪದ ಸ್ತೋತ್ರ ಎಂದುಕೊಂಡು, ಒಬ್ಬೊಬ್ಬರಾಗಿ ಎದ್ದು ಕೈಮುಗಿದು ನಿಂತಿತು. ಹಸಿವಾದರೂ ಯಾರೂ ಕದಲಲಿಲ್ಲ. ಆಡು ಎರಡನೆಯ ಪ್ಯಾಂಟನ್ನೂ ತಿನ್ನುವ ಕಡೆ ಮೇಡಂ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಗೋಡೆಗೆ ತಿರುಗಿದರು. ತಾಯ್ನುಡಿ ಕೇಳಿ ಕಣ್ಣೀರು ಬಂತೆಂದು ಹೆಂಡತಿ ಅವರ ಬೆನ್ನು ಸವರಿದಳು. ಕೊನೆಯ ಸಾಲು ಮುಗಿಯುತ್ತಲೇ ಮಾವ ಮುಷ್ಟಿ ತುಂಬ ಅಕ್ಷತೆ ತೆಗೆದು ನನ್ನ ತಲೆಗೂ ಪುಸ್ತಕಕ್ಕೂ ಹಾಕಿದರು.

ಗೆದ್ದೆ! ನನ್ನ ಜೀವನದ ಮೊದಲ ಐರಿಶ್ ಪುಸ್ತಕ! ಮಗಳ ಕಡೆ ತಿರುಗಿ, "ಈಗ ನಿನ್ನ ಸರದಿ. ಬೇಕಾದಷ್ಟು ಟೈಮ್ ತಗೋ. ಮೊದಲು ಅ, ಆ ಕಲಿ" ಎಂದು ಉದಾರವಾಗಿ ಹೇಳಿದೆ.

ಅವಳು ಪುಸ್ತಕಗಳ ರಾಶಿಯೊಳಗೆ ಕೈಹಾಕಿ ಒಂದನ್ನು ಎಳೆದಳು. ನೀಲಿ ರಟ್ಟಿನ ನೋಟ್‌ಬುಕ್. ಅದನ್ನೂ ಹೆಂಡತಿ ಪೂಜೆಗೆ ಇಟ್ಟಿದ್ದಳು.

"ಒಂದನೆಯ ಪುಸ್ತಕ," ಮಗಳು ಗಟ್ಟಿಯಾಗಿ ಓದತೊಡಗಿದಳು, ಬೆರಳು ಕೂಡ ಇಡದೆ. "ನಡುವೆ ಮೂವತ್ತು ಪುಟ ಹಾರಿಸಿದೆ. ಮಗಳಿಗೆ ಗೊತ್ತಾಗುವುದಿಲ್ಲ."

ಸೇರಿದವರೆಲ್ಲ ನನ್ನನ್ನು ನೋಡಿದರು. ನಾನು ಅವಳನ್ನು ನೋಡಿದೆ.

"ಏಳನೆಯ ಪುಸ್ತಕ. ರೈಸ್ ಕುಕ್ಕರಿನ ಜೊತೆ ಬಂದದ್ದು. ಪುಸ್ತಕ ಪುಸ್ತಕವೇ."

"ನಿನಗೆ... ಯಾವಾಗಿಂದ...?" ಎಂದು ತೊದಲಿದೆ.

"ನೀವು ಮೋಸ ಮಾಡ್ತೀರಿ ಅಂತ ನನಗೆ ಫಸ್ಟೇ ಡೌಟ್ ಇತ್ತು ಪಪ್ಪಾ. ಇದನ್ನ ಓದ್ಲಿಕ್ಕೆ ಅಂತಲೇ ಕಲಿತೆ. ಸ್ಕೂಲಿಂದ ಬಂದು ದಿನಾ ಮಾವನ ಮನೇಲಿ."

ಮಾವ ಬೇರೆ ಕಡೆ ನೋಡುತ್ತಾ, "ಚುರುಕು ಹುಡುಗಿ. ಒತ್ತಕ್ಷರ ಎಲ್ಲ ಎರಡೇ ತಿಂಗಳಲ್ಲಿ ಹಿಡಿದ್ಲು. ಪ್ರಾಕ್ಟೀಸಿಗೆ ಡಬ್ಬಿ ಮೇಲೆ ಬರ್ದದ್ದನ್ನೂ ಓದಿದ್ಲು" ಎಂದರು.

ಹೆಂಡತಿ ಖಾಲಿ ಡಬ್ಬಿಯನ್ನು ನೆನೆದು ನನ್ನನ್ನು ನೋಡಿ ತಲೆ ತಗ್ಗಿಸಿದಳು. ನನಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಮಾನ ಹೋಗುತ್ತಿತ್ತು, ಆದರೆ ಶುದ್ಧ ಕನ್ನಡದಲ್ಲಿ ಹೋಗುತ್ತಿತ್ತು, ಮಗಳ ಬಾಯಿಂದ ಹೋಗುತ್ತಿತ್ತು. "ಓದು ಮಗಾ, ಎಲ್ಲ ಓದು" ಎಂದೆ.

ಅವಳು ಪುಟ ತಿರುವಿ, ಒಂದು ಕಡೆ ನಿಂತು, ಸ್ವಲ್ಪ ನಿಧಾನವಾಗಿ ಓದಿದಳು: "ಇವತ್ತೂ ಅರ್ಧ ಪುಟದಿಂದ ಮುಂದೆ ಹೋಗಲಿಲ್ಲ. ಆದರೂ ಬಿಡುವುದಿಲ್ಲ. ದೇವರೇ, ಇವಳೊಬ್ಬಳು ಕನ್ನಡ ಓದಿಬಿಡಲಿ. ಆಮೇಲೆ ಐರಿಶ್ ಏನು, ಚೀನೀ ಭಾಷೆಯ ಪುಸ್ತಕ ಬೇಕಾದರೂ ಓದುತ್ತೇನೆ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೇಡಂ ಪಕ್ಕದವರನ್ನು ಕೇಳಿ ಅರ್ಥ ತಿಳಿದುಕೊಂಡು ತಮ್ಮ ಕಣ್ಣನ್ನೂ ಒರೆಸಿಕೊಂಡರು. ಮಗಳು ನೋಟ್‌ಬುಕ್ ಮುಚ್ಚಿ ನನ್ನ ಹತ್ತಿರ ಬಂದು ನಿಂತಳು. ಅಪ್ಪಿಕೊಳ್ಳಲು ಬಂದಳೆಂದು ಕೈ ಚಾಚಿದೆ. ಅವಳು ಆ ಕೈಯನ್ನು ಹಿಡಿದು ಕಳೆದ ವರ್ಷದಂತೆಯೇ ಬಲವಾಗಿ ಕುಲುಕಿದಳು.

"ಡೀಲ್ ಪಪ್ಪಾ. ಮುಂದಿನ ವರ್ಷ ಚೀನೀ. ಈ ಸಲ ಪುಟ ಹಾರಿಸ್ಬಾರ್ದು."