ಸದ್ದಿಲ್ಲದ ಕಾರು

ಐಷಾರಾಮಿ ಕಾರು ಎಂದರೆ ಯಾವುದು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಮೂರು ವಾರ ಘನಘೋರ ವಾಗ್ಯುದ್ಧ ನಡೆಯಿತು. ಮೆತ್ತನೆಯ ಚರ್ಮದ ಸೀಟಿರಬೇಕು ಎಂದಳು ಮಗಳು. ಬಾಗಿಲು ಒಂದೇ ಏಟಿಗೆ ಮುಚ್ಚಿಕೊಂಡರೆ ಅದೇ ಐಷಾರಾಮ ಎಂದಳು ಹೆಂಡತಿ. (ನಮ್ಮ ಹದಿನೆಂಟು ವರ್ಷದ ಕಾರಿಗೆ ಮೂರು ಏಟು ಬೇಕು.) ನಾನು ಮಾತ್ರ ನಿಶ್ಶಬ್ದವೇ ಪರಮಸುಖ ಎಂದು ಪಟ್ಟು ಹಿಡಿದೆ. ದಿನವಿಡೀ ಲೈಬ್ರರಿಯಲ್ಲಿ ಕೂತು ಓದುಗರಿಗೆ "ಶ್" ಎನ್ನುವುದೇ ನನ್ನ ಉದ್ಯೋಗ. ಅಂಥವನು ಸಂಜೆ ತಗಡಿನ ಡಬ್ಬದಲ್ಲಿ ಕಲ್ಲು ಕುಲುಕಿದಂತೆ ಮನೆಗೆ ಬರುವುದೇ?

ಕಾರಿನ ಆ ಗದ್ದಲದಿಂದ ಒಂದು ಉಪಕಾರವೂ ಇತ್ತು, ಗುಟ್ಟಾಗಿ ಹೇಳುತ್ತೇನೆ. ಮನೆಯಲ್ಲಿ ತುಟಿ ಬಿಚ್ಚದ ನಾನು ಕಾರಿನಲ್ಲಿ ಹೆಂಡತಿಯ ಪ್ರತಿ ಮಾತಿಗೂ ಗೊಣಗಿ ಉತ್ತರ ಕೊಡುತ್ತಿದ್ದೆ. ಅವಳಿಗೆ ಕೇಳಿಸುತ್ತಿರಲಿಲ್ಲ, ನನ್ನ ಮನಸ್ಸು ಹಗುರಾಗುತ್ತಿತ್ತು.

ಭಾನುವಾರ ನಾವಿಬ್ಬರೂ ಷೋರೂಮಿಗೆ ಹೋಗಿ, ಓಡಿಸಿ ನೋಡಲೆಂದು ಹೊಸ ಕಾರು ಹತ್ತಿದೆವು. ಟೈ ಕಟ್ಟಿದ ಮಾರಾಟಗಾರ ಹಿಂದೆ ಕೂತ, ಹೆಂಡತಿ ನನ್ನ ಪಕ್ಕದಲ್ಲಿ. ಕಾರು ಹೊರಟದ್ದೇ ತಿಳಿಯಲಿಲ್ಲ. ಆನಂದದಿಂದ ನನಗೆ ಕಣ್ಣು ತುಂಬಿ ಬಂತು.

"ನಮ್ಮಣ್ಣನ್ನ ಒಂದು ಮಾತು ಕೇಳಬೇಕಿತ್ತು ರೀ. ಕಾರಿನ ವಿಷಯ ಅವನಿಗೆ ಚೆನ್ನಾಗಿ ಗೊತ್ತು" ಎಂದಳು ಹೆಂಡತಿ.

ಅಭ್ಯಾಸಬಲ ನೋಡಿ! "ಅವನಿಗೆ ಗೊತ್ತಿರೋದು ಕಂಡವರ ಕಾರಲ್ಲಿ ಮುಂದಿನ ಸೀಟು ಹಿಡಿಯೋದೊಂದೇ" ಎಂದು ಗೊಣಗಿದೆ.

ಒಂದೊಂದು ಅಕ್ಷರವೂ ಗಂಟೆ ಬಾರಿಸಿದಂತೆ ಕೇಳಿಸಿತು. ಮಾರಾಟಗಾರ ಕೆಮ್ಮಿನೊಳಗೆ ನಗು ಬಚ್ಚಿಟ್ಟ. ನಾನು ಬೆವತುಹೋದೆ.

"ಹೆದರಬೇಡಿ," ಎಂದಳು ಅವಳು ತಣ್ಣಗೆ. "ಹಳೇ ಕಾರಲ್ಲಿ ಇದಕ್ಕಿಂತ ಖಾರವಾಗಿ ಅಂದಿದ್ದೀರಿ."

"ಕೇಳಿಸ್ತಿತ್ತಾ?"

"ಆ ಗದ್ದಲದಲ್ಲಿ ನೀವು ಗೊಣಗ್ತಿರಲಿಲ್ಲ ರೀ, ಕಿರುಚ್ತಿದ್ರಿ! ಸಿಗ್ನಲ್ಲಲ್ಲಿ ಪಕ್ಕದ ಬೈಕಿನವರೂ ತಿರುಗಿ ನೋಡೋರು."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?"

"ನಿಮ್ಮ ಮನಸ್ಸಲ್ಲಿರೋದು ನನಗೆ ಗೊತ್ತಾಗೋದು ಅಲ್ಲೊಂದೇ ಕಡೆ. ಹೋದ ತಿಂಗಳು 'ಇವಳಿಲ್ಲದಿದ್ರೆ ನನ್ನ ಗತಿಯೇನು' ಅಂದ್ರಲ್ಲ, ಮನೇಲಿ ಯಾವತ್ತಾದ್ರೂ ಅಂದಿದ್ದೀರಾ?"

ಅವಳ ದನಿ ನಡುಗಿತು. ಕರಗಿಹೋದೆ ಎನ್ನುವಷ್ಟರಲ್ಲಿ ಅವಳು ಹಿಂದೆ ತಿರುಗಿ, "ಈ ಕಾರು ನಮಗೆ ಬೇಡಪ್ಪ. ಇದರಲ್ಲಿ ಇವರು ಇನ್ನು ಬಾಯೇ ಬಿಡಲ್ಲ" ಎಂದು ತೀರ್ಪು ಕೊಟ್ಟುಬಿಟ್ಟಳು.

ನನ್ನ ಎಂಟು ವರ್ಷದ ಕನಸು! ಪ್ರತಿಭಟಿಸಲು ಬಾಯಿ ತೆರೆದೆ. ಆ ಐಷಾರಾಮಿ ಮೌನದಲ್ಲಿ ಧೈರ್ಯ ಬರಲಿಲ್ಲ. ಕೀಲಿ ಹಿಂದಿರುಗಿಸಿ ನಮ್ಮ ಕಾರು ಹತ್ತಿದೆವು. ಇಂಜಿನ್ ಗುಡುಗತೊಡಗಿದ ಮೇಲೆ ಅವಳ ಹಟಮಾರಿತನದ ಬಗ್ಗೆ ಮನಸಾರೆ ಶುರುಮಾಡಿದೆ.

ಅವಳು ಸೀಟಿಗೆ ಆರಾಮವಾಗಿ ಒರಗಿ, "ಕೇಳಿಸ್ತಿದೆ, ಮುಂದೆ ಹೇಳಿ" ಎಂದಳು.