ಪಟದ ಪುಸ್ತಕದಲ್ಲಿ ದೊಡ್ಡೀರಪ್ಪ

ಕಾಲುವೆಗೆ ಮೊದಲ ಬುಟ್ಟಿ ಮಣ್ಣು ಎತ್ತಿದ ದಿನ ದೊಡ್ಡೀರಪ್ಪ ತನ್ನ ಅವ್ವನಿಗೆ ಒಂದು ಮಾತು ಕೊಟ್ಟಿದ್ದ. ಯಾರದೋ ಪಟ ತೆಗೆಯುವ ಪೆಟ್ಟಿಗೆಯ ಮುಂದೆ ಗೂಟದ ಹಾಗೆ ನಿಂತು ಬಂದ ಮಗನನ್ನು ಮೂಗಮ್ಮ ಚೆನ್ನಾಗಿ ಬೈದಿದ್ದಳು. ಅದಕ್ಕವನು, "ಬೈಬ್ಯಾಡ ಕಣವ್ವ. ಈ ಕಾಲುವೆ ಮುಗಿಯೋದ್ರಾಗೆ ನನ್ ಮುಖಾನ ಆ ಪಟದ ಪುಸ್ತಕದಾಗೆ ನಿಂಗೆ ತೋರಿಸ್ತೀನಿ" ಎಂದಿದ್ದ.

ಆಗ ಅವನಿಗೆ ಮೀಸೆ ಚಿಗುರುತ್ತಿತ್ತು. ಈಗ ಅವನ ಮಗಳೇ ಕುರಿಮರಿ ಕಾಯುವಷ್ಟು ಬೆಳೆದಿದ್ದಳು. ವೇದಾವತಿಯ ನೀರನ್ನು ಪರಶುರಾಂಪುರದ ಕಡೆಯ ಒಣಹೊಲಗಳಿಗೆ ತರಬೇಕಾದ ಆ ಕಾಲುವೆ ಒಂದು ವರ್ಷ ನಡೆದರೆ ಎರಡು ವರ್ಷ ಮಲಗುತ್ತಿತ್ತು.

ಕೆಲಸ ನೋಡಿಕೊಳ್ಳುತ್ತಿದ್ದ ಓವರ್‌ಸೀಯರ್ ಅಪ್ರಮೇಯಯ್ಯನವರಿಗೆ ಪಟ ತೆಗೆಯುವ ಹುಚ್ಚು. ಅಗೆತ ಎಷ್ಟು ಆಳ ಎಂದು ಪಟದಲ್ಲಿ ತಿಳಿಯಬೇಕಾದರೆ ಪಕ್ಕದಲ್ಲೊಬ್ಬ ಮನುಷ್ಯ ನಿಲ್ಲಬೇಕು. ಪಟ ಮೂಡುವ ತನಕ ಅಲುಗಬಾರದು. ಕೂಲಿಯವರಲ್ಲಿ ಒಬ್ಬ ಕೆಮ್ಮಿ, ಇನ್ನೊಬ್ಬ ನೊಣ ಓಡಿಸಿ ಪಟದಲ್ಲಿ ಹೊಗೆಯಾಗಿ ಹೋದರು. ಗೊಲ್ಲರ ಹಟ್ಟಿಯ ದೊಡ್ಡೀರಪ್ಪ ಮಾತ್ರ ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿ ಕೋಲಿಗೆ ಒರಗಿ ನಿಂತನೆಂದರೆ, ಮರವೆಂದು ಹಕ್ಕಿ ಬಂದು ಕೂರಬೇಕು. ಆದರೆ ಕುರಿ ಕಾಯುವವನು ಕುರಿಗೆ ಬೆನ್ನು ಕೊಟ್ಟು ನಿಲ್ಲುವುದುಂಟೇ? ಅವನ ಹಿಂಡು ಮೇಯುತ್ತಿದ್ದುದು ಕಾಲುವೆಯ ಆಚೆ ದಡದಲ್ಲಿ. ಹೀಗಾಗಿ ಎಲ್ಲ ಪಟದಲ್ಲೂ ಪೆಟ್ಟಿಗೆಗೆ ಸಿಕ್ಕಿದ್ದು ಅವನ ಬೆನ್ನು. ಅಪ್ರಮೇಯಯ್ಯನವರಿಗೆ ಬೇಕಾಗಿದ್ದುದು ಅವನ ಎತ್ತರ. ಮುಖ ಯಾವ ಕಡೆಗಿದ್ದರೆ ಅವರಿಗೇನು?

ಇಂದು ಕಾಲುವೆ ಮುಗಿದು, ನೀರು ಬಿಡಲು ತೂಬು ಎತ್ತುವ ದಿನ. ಓವರ್‌ಸೀಯರ ಹತ್ತಿರ ಪಟ ಮೂಡಿಸುವ ಗಾಜು ಒಂದೇ ಒಂದು ಉಳಿದಿತ್ತು. ಸಂಜೆಗೆ ದೊಡ್ಡ ಇಂಜಿನಿಯರರ ಗಾಡಿಯಲ್ಲಿ, ಪಟಗಳನ್ನೆಲ್ಲ ಅಂಟಿಸಿದ ಪುಸ್ತಕ ಮೈಸೂರಿಗೆ ಹೋಗುತ್ತದೆ, ಇನ್ನು ಮರಳಿ ಬಾರದು. ಈ ಸಂಕಟವನ್ನು ದೊಡ್ಡೀರಪ್ಪ ಬೆಳಗ್ಗೆಯೇ ಕೂಲಿಗಳ ಮೇಸ್ತ್ರಿ ಪಾತಣ್ಣನಿಗೆ ಹೇಳಿಕೊಂಡ. ಅಲ್ಲಿಗೆ ಅದು ಊರಿನ ಸಂಕಟವಾಯಿತು.

"ಅದಕ್ಯಾಕಲೇ ಇಷ್ಟು ಕೊರಗು?" ಎಂದ ಪಾತಣ್ಣ. "ಕುರೀನ ಪೆಟ್ಟಿಗೆ ಹಿಂದಕ್ಕೆ ಹೊಡಿ. ಮುಖ ತಾನೇ ತಿರುಗ್ತೈತೆ."

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮೈಸೂರಿನವರು ನೋಡುವ ಪಟದಲ್ಲಿ ಕರಡಿಯ ಹಾಗೆ ನಿಲ್ಲಬಾರದೆಂದು ಪಾತಣ್ಣ ಅವನ ಕಂಬಳಿ ಬಿಚ್ಚಿಸಿ ತನ್ನ ಮದುವೆಯ ಕರಿ ಕೋಟು ತೊಡಿಸಿದ. ಗುಂಡಿ ಹಾಕಿದರೆ ಉಸಿರು ನಿಲ್ಲುತ್ತಿತ್ತು, ಉಸಿರು ಬಿಟ್ಟರೆ ಗುಂಡಿ ನಿಲ್ಲುತ್ತಿರಲಿಲ್ಲ. ಯಾರೋ ಮೊಳಕಾಲ್ಮೂರಿನ ರೇಷ್ಮೆ ರುಮಾಲು ತಂದು ಹುಬ್ಬಿನವರೆಗೂ ಸುತ್ತಿದರು. ಪಕ್ಕದ ಗುಡಿಸಲ ಬೊಮ್ಮಕ್ಕ ಬೆಣ್ಣೆ ಹಚ್ಚಿ ಮೀಸೆಯನ್ನು ಚೇಳಿನ ಕೊಂಡಿಯಂತೆ ಮೇಲೆತ್ತಿದಳು. ಅಷ್ಟಕ್ಕೂ ಸಮಾಧಾನವಾಗದೆ, ನಡೆಯಲಾರದ ಮೂಗಮ್ಮನನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದು, ದೂರದ ದಿಬ್ಬದ ಮೇಲೆ ಗಾಡಿ ನಿಲ್ಲಿಸಿ, ಮುದುಕಿಯನ್ನು ಅಲ್ಲೇ ಬಿಟ್ಟು ತಾನು ತೂಬಿನ ಹತ್ತಿರ ಜಾಗ ಹಿಡಿಯಲು ಓಡಿದಳು.

ಪೆಟ್ಟಿಗೆಯ ಹಿಂದೆ ಹಿಂಡು ಬಂದು ನಿಂತಿತು. ಅಪ್ರಮೇಯಯ್ಯನವರು ಕರಿ ಬಟ್ಟೆ ಮುಸುಕು ಹಾಕಿಕೊಂಡು ತಲೆ ತಗ್ಗಿಸಿದರು. ತನ್ನೆದುರಲ್ಲಿ ಹೀಗೆ ಯಾರಾದರೂ ತಲೆ ತಗ್ಗಿಸಿದರೆ ಅದಕ್ಕೆ ಹಿಂಡಿನ ಟಗರು ತಿಳಿಯುವ ಅರ್ಥ ಒಂದೇ. ಅದು ನಾಲ್ಕು ಹೆಜ್ಜೆ ಹಿಂದೆ ಹೋಗಿ ಬಂತು. ಓವರ್‌ಸೀಯರು ತಾವೇ ತೋಡಿಸಿದ ಕಾಲುವೆಯ ಆಳವನ್ನು ಆ ದಿನ ಸರಿಯಾಗಿ ಕಂಡುಕೊಂಡರು.

ಪೆಟ್ಟಿಗೆ ಉಳಿಯಿತು, ಗಾಜು ಉಳಿಯಿತು. ಕರಿ ಬಟ್ಟೆ ಟಗರಿನ ಕೊಂಬಿಗೆ ಸಿಕ್ಕಿ ಚಿಂದಿಯಾಯಿತು. ಮುಸುಕಿಲ್ಲದೆ ಪಟವಿಲ್ಲ ಎಂದು ಅಪ್ರಮೇಯಯ್ಯನವರು ಮಣ್ಣು ಕೊಡವಿಕೊಂಡು ಹೊರಟೇಬಿಟ್ಟರು. ದೊಡ್ಡೀರಪ್ಪ ಕೋಟಿನಲ್ಲೇ ಬಗ್ಗಿ ಅವರ ಕಾಲು ಹಿಡಿದ. ಎರಡು ಗುಂಡಿ ಹಾರಿದವು.

"ಸ್ವಾಮಿ, ನನ್ ಕಂಬಳಿ ಐತೆ. ಅದನ್ನೇ ಹೊದ್ಕಳ್ರಿ."

ಮಡಿವಂತರಾದ ಓವರ್‌ಸೀಯರು ಕಂಬಳಿಯನ್ನು ಮೂಸಿ ನೋಡಿದರು, ಆಕಾಶ ನೋಡಿದರು, ಕಡೆಗೆ ಮೂಗು ಹಿಡಿದುಕೊಂಡು ಹೊದ್ದರು. ಒಳಗಿನಿಂದ ಎರಡು ಸೀನು ಕೇಳಿಸಿದವು. ಆಮೇಲೆ ಸದ್ದಿಲ್ಲ. ಪಾತಣ್ಣ ಹಿಡಿದುಕೊಂಡಿದ್ದ ಟಗರಿನ ಮೇಲೆ ಕಣ್ಣಿಟ್ಟು, ಬೆವರು ರೆಪ್ಪೆಗೆ ಇಳಿದರೂ ಮಿಟುಕಿಸದೆ ದೊಡ್ಡೀರಪ್ಪ ನಿಂತ.

ಪಟ ಬಿಸಿಲಲ್ಲಿ ಮೂಡಿ, ಒಣಗಿ, ಮಧ್ಯಾಹ್ನದ ಹೊತ್ತಿಗೆ ಪುಸ್ತಕದ ಕೊನೆಯ ಹಾಳೆಗೆ ಅಂಟಿತು. ಗಾಡಿ ಹೊರಡುವ ಮುಂಚೆ ತರಬೇಕೆಂದು ಅಪ್ಪಣೆ ಮಾಡಿ ಓವರ್‌ಸೀಯರು ಪುಸ್ತಕ ಕೊಟ್ಟರು. ಅಷ್ಟರಲ್ಲಿ ಕೋಟು, ರುಮಾಲು ಕೊಟ್ಟವರ ಕೈಗೆ ಮರಳಿ ಸೇರಿದ್ದವು. ಬೆಣ್ಣೆ ಕರಗಿ ಮೀಸೆ ತನ್ನ ಜಾಗಕ್ಕೆ ಇಳಿದಿತ್ತು. ದೊಡ್ಡೀರಪ್ಪ ಕಂಬಳಿ ಹೊದ್ದು, ಕೈ ತೊಳೆದು, ದಿಬ್ಬ ಹತ್ತಿದ.

ಮೂಗಮ್ಮ ಗಾಡಿಯಲ್ಲಿ ಕಾಲು ಚಾಚಿ ಕುಳಿತಿದ್ದಳು. ಅವನು ನೇರವಾಗಿ ಕೊನೆಯ ಹಾಳೆ ತೆರೆಯಹೋದರೆ ಅವಳು ಬಿಡಲಿಲ್ಲ, ಮೊದಲಿನಿಂದ ತಿರುವಿಸಿದಳು. ಪಟವೆಂಬುದನ್ನೇ ಕಾಣದ ಮುದುಕಿ ಒಂದೊಂದು ಬೆನ್ನಿನ ಮೇಲೂ ಬೆರಳಿಟ್ಟಳು. ಇದು ಬರ ಬಂದ ವರ್ಷದ್ದು, ಹೆಗಲು ಇಳಿದುಹೋಗೈತೆ, ಎಂದಳು. ಇದು ಮದುವೆ ಆದಮೇಲಿಂದು, ಸೊಸೆ ಕಂಬಳಿಗೆ ತೇಪೆ ಹಾಕವ್ಳೆ. ಇದು ನಿಮ್ಮಪ್ಪ ತೀರ್ಕಂಡ ತಿಂಗಳದ್ದು ಎಂದು ಅಲ್ಲಿ ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲ. ತನ್ನ ಬೆನ್ನಿನಲ್ಲಿ ಇಷ್ಟೆಲ್ಲ ಇದೆಯೆಂದು ದೊಡ್ಡೀರಪ್ಪನಿಗೆ ಗೊತ್ತಿರಲಿಲ್ಲ.

ಕೊನೆಯ ಹಾಳೆ ಬಂತು. ಕೋಟು, ರುಮಾಲು, ಚೇಳಿನ ಕೊಂಡಿಯ ಮೀಸೆ, ಬಿಗಿದ ಮುಖ. ಎಲ್ಲ ಸ್ಪಷ್ಟವಾಗಿತ್ತು.

"ಇವ್ರು ಯಾರು, ಅಮಲ್ದಾರ್ರಾ?"

"ಅದು ನಾನೇ ಕಣವ್ವ."

ಮೂಗಮ್ಮ ಅವನ ತಲೆಗೆ ಮೆಲ್ಲಗೆ ಮೊಟಕಿದಳು. "ಸುಮ್ನಿರಲೇ, ಯಾರಾದ್ರೂ ಕೇಳಿಸ್ಕಂಡಾರು. ನಂಗೇನು ಕಣ್ಣಿಲ್ವಾ? ಈ ಕಂಬಳಿ ಉಣ್ಣೆ ನೂತೋಳು ನಾನು. ಇಲ್ಲೇ ಕುಂತು ನೋಡಿದೆ. ನೀನು ಕಂಬಳಿ ಹೊದ್ಕಂಡು, ಪೆಟ್ಟಿಗೆ ಹಿಂದೆ ಬಗ್ಗಿ, ಈ ದೊರೆ ಪಟ ತೆಗೀತಿದ್ದೆ."

ಅವನು ಬಾಯಿ ತೆರೆದ. ಮುದುಕಿಯ ಮುಖದಲ್ಲಿ, ಅವನು ಹುಟ್ಟಿದಾಗಿನಿಂದ ಕಾಣದ ಒಂದು ಹಿಗ್ಗು ಇತ್ತು. ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದ ಬೊಮ್ಮಕ್ಕನಿಗೆ, ತನ್ನ ಮಗ ಅಮಲ್ದಾರರ ಪಟ ತೆಗೆದದ್ದನ್ನು ಅವಳು ಹೇಳಲು ತೊಡಗಿಯೇಬಿಟ್ಟಳು. ಬೊಮ್ಮಕ್ಕ ತನ್ನ ಬೆಣ್ಣೆಯ ಬೆರಳನ್ನೊಮ್ಮೆ, ದೊಡ್ಡೀರಪ್ಪನನ್ನೊಮ್ಮೆ ನೋಡಿದಳು. ಅವನು ಬೇಡವೆಂದು ತಲೆಯಾಡಿಸಿದ.

ಮುಂದಿನ ಹಬ್ಬಕ್ಕೆ ಹಟ್ಟಿಯವರೆಲ್ಲ ಮಿಂದು, ತಲೆ ಬಾಚಿ, ಪಟ ತೆಗೆಯೆಂದು ಅವನ ಬಾಗಿಲಿಗೆ ಬಂದು ನಿಂತರು.

ಪುಸ್ತಕ ಆ ಸಂಜೆಯೇ ಮೈಸೂರಿಗೆ ಹೋಗಿತ್ತು. ಮೂಗಮ್ಮ ಸಾಯುವ ತನಕ ಮಗನ ಮುಖವನ್ನು ಪಟದಲ್ಲಿ ನೋಡಲಿಲ್ಲ. ದೊಡ್ಡೀರಪ್ಪ ಕೊಟ್ಟ ಮಾತು ನಡೆಯಲಿಲ್ಲ.